ಮೂರು ತಿಂಗಳಿಗೊಮ್ಮೆ ಎದೆಯ ಫೋಟೊ

ಬೊಂಬಾಯಿಯಲ್ಲಿ ನನ್ನ ತೊಡೆಯೆಲುಬಿನ ಕ್ಯಾನ್ಸರ್ ಗಡ್ಡೆ ತೆಗೆದು ಎರಡು ವರ್ಷವಾಗಿತ್ತು. ಔಷಧಿಗೆ ಉದುರಿದ್ದ ಕೂದಲು ಮತ್ತೆ ಬೆಳೆದು ಎರಡು ಜಡೆಗೆ ಸಾಲುವಷ್ಟಾಗಿತ್ತು. ಮೂರು ತಿಂಗಳಿಗೊಮ್ಮೆ ಅಪ್ಪ, ಅಜ್ಜಿ ನನ್ನನ್ನು ಕಮಲಾಪುರದಿಂದ ಕಲಬುರಗಿಗೆ ಕರೆದೊಯ್ದು ಎದೆಯ ಎಕ್ಸ್‌ರೇ ತೆಗೆಸುತ್ತಿದ್ದರು. ಕೆಟ್ಟದ್ದು ಕಾಲು, ಫೋಟೊ ಎದೆಗೆ! ಈ ರೋಗ ಮರಳಿದರೆ ಹೆಚ್ಚಾಗಿ ಶ್ವಾಸಕೋಶದಲ್ಲೇ ಕಾಣಿಸಿಕೊಳ್ಳುತ್ತದೆಂದು ಡಾಕ್ಟರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಯಾರೂ ನಿಶ್ಚಿಂತೆಯಿಂದ ಕೆಮ್ಮುವಂತಿರಲಿಲ್ಲ. ಲೆಕ್ಕದ ಪಾಠ ಬೇಸರವಾದಾಗ ನಾನೊಮ್ಮೆ ಸಣ್ಣಗೆ ಕೆಮ್ಮಿದರೆ ಪಾಠ ನಿಂತು ಜಿಲೇಬಿಯೇ ಬರುತ್ತಿತ್ತು.

ಆ ಸಲ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಬಲಕ್ಕ ಮ್ಯಾಲ ಒಂದು ಬಿಳಿ ಕಲೆ ಅದರಿ. ಹೋದ ಸಲ ಇರಲಿಲ್ಲ.”

ಅಪ್ಪನ ಮುಖದ ಬಣ್ಣವೇ ಹಾರಿತು. ಎಕ್ಸ್‌ರೇ ಎಂದರೆ ಏನೆಂದು ನನಗೂ ಅವತ್ತೇ ತಿಳಿದದ್ದು. ಅಜ್ಜಿ ಮಾತ್ರ ಹೆದರಿ ಕೂರಲಿಲ್ಲ. ನನ್ನನ್ನು ಬಾಗಿಲ ಮರೆಗೆ ಎಳೆದು ಬಲಗಡೆಯ ಜಡೆಗೆ ಕೈ ಹಾಕಿದಳು.

“ಏನ್ ಮಾಡ್ಲಕತ್ತೀ ಅವ್ವಾ?” ಅಪ್ಪ ಕೂಗಿದ.

“ಸುಮ್ನಿರು. ಜಡಿ ಬಿಚ್ಚಲಕತ್ತೀನಿ.”

ಹೆಣಿಕೆಯೊಳಗಿಂದ ಮೇಣಬಟ್ಟೆಯಲ್ಲಿ ಹೊಲಿದ ಪುಟ್ಟ ತಗಡಿನ ತಾಯಿತ ಹೊರಬಂತು. ಅಪ್ಪ ಊರ ಗುಡಿಯ ಅರ್ಚಕ. ಅವನ ಮಗಳ ಜಡೆಯಲ್ಲಿ ದರ್ಗಾದ ತಾಯಿತ!

“ಮೊನ್ನೆ ರೋಜಾ ದರ್ಗಾಕ್ಕ ಹೋಗಿ ತಂದೀನಿ. ಕೊರಳಾಗ ಕಟ್ಟಿದ್ರ ನಿನ್ನ ಕಣ್ಣಿಗೆ ಬೀಳ್ತಿತ್ತು. ನೀ ಬಿಡ್ತಿದ್ದ್ಯಾ?”

ಡಾಕ್ಟರು ನಗು ತಡೆಯಲಾರದೆ ಇನ್ನೊಂದು ಫೋಟೊ ತೆಗೆಸಲು ಹೇಳಿದರು. ನಾನು ಜಡೆ ಬಿಚ್ಚಿಕೊಂಡು ಭೂತದ ಹಾಗೆ ಸ್ಟೇಶನ್ ಬಜಾರದ ಎಕ್ಸ್‌ರೇ ಅಂಗಡಿಗೆ ಮತ್ತೆ ಹೋದೆ. ಸಂಗತಿ ಕೇಳಿದ ಅಲ್ಲಿಯವನು, “ಅಜ್ಜೀ, ನಿಮ್ಮ ದೇವರು ಫೋಟೊಕ್ಕ ಭಾಳ ಛಂದ ನಿಂತಿದ್ದ ಬಿಡ್ರಿ” ಎಂದ. ಅಜ್ಜಿ ಅವನನ್ನು ಸುಡುವಂತೆ ನೋಡಿದಳು. ಕಲೆ ತಾಯಿತದ್ದೇ ಎಂದು ಇನ್ನೂ ಯಾರಿಗೂ ಖಾತ್ರಿಯಿರಲಿಲ್ಲ. ಫಿಲ್ಮು ಒಣಗುವ ತನಕ ಅಪ್ಪ ಆ ತಾಯಿತವನ್ನು ಮಡಿ ಮೈಲಿಗೆ ನೋಡದೆ ಮುಷ್ಟಿಯಲ್ಲಿ ಹಿಡಿದು ಕೂತಿದ್ದ.

ಎರಡನೆಯ ಫಿಲ್ಮಿನಲ್ಲಿ ಏನೂ ಇರಲಿಲ್ಲ. ಅಪ್ಪ ಎಲ್ಲರೆದುರೇ ಅತ್ತುಬಿಟ್ಟ. ಅಜ್ಜಿ ಬೆಂಚಿನ ಮೇಲೆ ಕೂತು ನನ್ನ ಜಡೆ ಹೆಣೆಯತೊಡಗಿದಾಗ ಅವನು ಕಣ್ಣೊರೆಸಿಕೊಂಡು ಹತ್ತಿರ ಬಂದು ಮುಷ್ಟಿ ಬಿಚ್ಚಿದ.

“ಬಿಗಿಯಾಗಿ ಕಟ್ಟವ್ವಾ. ಮುಂದಿನ ಸಲ ಫೋಟೊ ತೆಗಸೂಕಿಂತ ಮೊದಲ ಬಿಚ್ಚೂದು ಮಾತ್ರ ಮರೀಬ್ಯಾಡ.”