ದುಭಾಷಿಯಿಲ್ಲದ ತರಗತಿ

ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗವನ್ನು ನಡೆಸುತ್ತಿದ್ದ ಮೇಡಂಗೆ ಮೂಗಿನ ತುದಿಯಲ್ಲೇ ಕೋಪ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಆ ಸಂಜೆ ಅದು ನೆತ್ತಿಗೇರಿತ್ತು. ಅಕ್ಷರ ಕಲಿಯಲು ಬರುತ್ತಿದ್ದ, ಕಿವಿ ಕೇಳದ ದರ್ಜಿ ಹೆಂಗಸಿಗೆ ಪಾಠವನ್ನು ಸನ್ನೆಯಲ್ಲಿ ತಿಳಿಸುತ್ತಿದ್ದ ದುಭಾಷಿಯನ್ನು ಕುಲಸಚಿವರು ಕೆಲಸದಿಂದ ತೆಗೆದಿದ್ದರು.

"ಒಬ್ಬಳಿಗೋಸ್ಕರ ಒಬ್ಬ ನೌಕರ ಯಾಕೆ? ಬೋರ್ಡ್ ಮೇಲೆ ದೊಡ್ಡದಾಗಿ ಬರೆದ್ರೆ ಆಯ್ತಲ್ಲ," ಎಂದರು ಕುಲಸಚಿವರು, ತಮ್ಮ ಕೋಣೆಗೆ ನುಗ್ಗಿದ ಮೇಡಂಗೆ.

"ಓದೋಕೆ ಬರಲ್ಲ ಅಂತ ತಾನೇ ಸಾರ್, ಅವಳು ಇಲ್ಲಿಗೆ ಬರ್ತಿರೋದು?"

ಕುಲಸಚಿವರು ಮುಂದಿನ ಕಡತಕ್ಕೆ ಸಹಿ ಹಾಕತೊಡಗಿದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಅದೇ ಹೆಂಗಸು ನಗುತ್ತಿರುವ ದೊಡ್ಡ ಚಿತ್ರವಿತ್ತು. ಕೆಳಗೆ 'ಎಲ್ಲರಿಗೂ ಕಲಿಕೆ' ಎಂದು ಅಚ್ಚಾಗಿತ್ತು. ಮೇಡಂ ಅದನ್ನು ಕಿತ್ತು, ಸುರುಳಿ ಸುತ್ತಿ, ಕಂಕುಳಲ್ಲಿ ಇರುಕಿಕೊಂಡರು.

"ದುಭಾಷಿ ಬರೋವರೆಗೂ ಈ ಚಿತ್ರ ಇಲ್ಲಿರಲ್ಲ. ತರಗತೀನೂ ನಡೆಯಲ್ಲ."

ಸುದ್ದಿ ತಿಳಿದ ಮರುದಿನ ಅವರ ವಿದ್ಯಾರ್ಥಿಗಳಾದ ಲಾರಿ ಚಾಲಕರು, ಅಡುಗೆಯವರು, ಮೊಮ್ಮಕ್ಕಳನ್ನು ಕಂಡ ಅಜ್ಜಿಯರು ಕುಲಸಚಿವರ ಕೋಣೆಯ ಬಾಗಿಲಿಗೇ ಅಡ್ಡ ಕೂತರು. ದರ್ಜಿ ಎಲ್ಲರಿಗಿಂತ ಮುಂದೆ ಕೂತಳು. ವಾರದೊಳಗೆ ದುಭಾಷಿ ಮರಳಿದ.

ಮುಂದಿನ ಸಭೆಯಲ್ಲಿ ಕುಲಸಚಿವರು ದುಭಾಷಿಯ ನೇಮಕವನ್ನು ತಮ್ಮದೇ ಯೋಜನೆಯೆಂದು ಹೇಳಿಕೊಂಡು ಚಪ್ಪಾಳೆ ಗಿಟ್ಟಿಸಿದರು. ಮೇಡಂ ಮಾತ್ರ ಹಲ್ಲು ಕಚ್ಚಿ, ಕೈ ಕಟ್ಟಿಕೊಂಡೇ ಕೂತಿದ್ದರು.