ಮಫ್ಲರ್ ಸುತ್ತಿದ ಎಸಿ ಶೀನಣ್ಣ

ಮೇ ತಿಂಗಳ ಮಧ್ಯಾಹ್ನ, ಕಾಪುವಿನಲ್ಲಿ ನಾಯಿಗಳೂ ನೆರಳು ಬಿಟ್ಟು ಏಳದ ಹೊತ್ತಿನಲ್ಲಿ, ಕಿವಿ ಮುಚ್ಚುವಂತೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಸ್ಕೂಟರಿನಿಂದ ಇಳಿಯುವ ಮನುಷ್ಯ ಯಾರೆಂದು ನಮ್ಮ ಕೇರಿಯಲ್ಲಿ ಯಾರೂ ಕೇಳಬೇಕಾಗಿರಲಿಲ್ಲ. ಉಚ್ಚಿಲದ ಶೀನಣ್ಣ. ಎಸಿ ರಿಪೇರಿಯವರು. ಊರಿಗೆಲ್ಲ ತಂಪು ಹಂಚುವ ಇವರಿಗೆ ಮಾತ್ರ ಚಳಿ ಎಂದರೆ ಆಗುತ್ತಿರಲಿಲ್ಲ. ಹರೆಯದಲ್ಲಿ ಮಲ್ಪೆಯ ಐಸ್ ಪ್ಲಾಂಟಿನಲ್ಲಿ ದುಡಿದವರು. ಅಲ್ಲಿ ಕಿವಿಯೊಳಗೆ ಹೊಕ್ಕ ಚಳಿ ಇನ್ನೂ ಹೊರಗೆ ಬಂದಿಲ್ಲ ಎನ್ನುತ್ತಿದ್ದರು. ನಾನು ನಕ್ಕರೆ, "ನೀವು ನಗಿ ಅಕ್ಕ, ಕಿವಿ ನನ್ನದಲ್ವಾ" ಎನ್ನುವರು.

ನಾನು ರವಿಕೆ ಹೊಲಿಯುವವಳು. ರವಿಕೆ ಹೊಲಿಯುವವಳಿಗೆ ಎಸಿ ಎಂತಕ್ಕೆ ಎಂದು ಕೇಳಿದವರಿಗೆಲ್ಲ ಉತ್ತರ ಕೊಟ್ಟು ನನಗೆ ಸಾಕಾಗಿದೆ. ನನಗಿರುವುದು ನರದ ಕಾಯಿಲೆ. ಸೆಕೆ ಏರಿತೆಂದರೆ ಬೆರಳುಗಳು ಮರಗಟ್ಟಿ ಕತ್ತರಿ ಹಿಡಿಯಲೂ ಆಗುವುದಿಲ್ಲ; ತಂಪಾದರೆ ಮತ್ತೆ ನನ್ನ ಮಾತು ಕೇಳುತ್ತವೆ. ಕೋಣೆ ತಂಪಾಗಿರಲಿ, ಕೆಲಸ ಬಿಡಬೇಡಿ ಎಂದು ಮಣಿಪಾಲದ ಡಾಕ್ಟರು ಹೇಳಿದ್ದರು. ನಮ್ಮಲ್ಲಿ ಮದುವೆಗಳು ತುಂಬುವುದೇ ಏಪ್ರಿಲ್, ಮೇಯಲ್ಲಿ. ಮದುಮಗಳಿಗೆ ರವಿಕೆ ಬೇಕಾಗುವ ಹೊತ್ತಿಗೇ ನನ್ನ ಕೈ ಬಿದ್ದುಹೋಗುತ್ತಿತ್ತು. ಕುಕ್ಕುಂದೂರಿನ ಅಣ್ಣ, ಹೊಲಿಗೆ ಬಿಡು, ಅಮ್ಮನನ್ನು ಕರೆದುಕೊಂಡು ನಮ್ಮಲ್ಲಿಗೇ ಬಾ ಎನ್ನುತ್ತಿದ್ದ. ಒಳ್ಳೆಯವನೇ. ಆದರೆ ಮೆಷಿನ್ ಬಿಟ್ಟು ಅವನ ಮನೆಯ ಮೂಲೆಯಲ್ಲಿ ಕೂರುವುದನ್ನು ನೆನೆದರೇ ನನಗೆ ಉಸಿರು ಕಟ್ಟುತ್ತಿತ್ತು.

ಯಾವುದೋ ಲಾಡ್ಜಿನವರು ಕಳಚಿ ಹಾಕಿದ್ದ ಹಳೆಯ ಕಿಟಕಿ ಎಸಿಯೊಂದನ್ನು ಶೀನಣ್ಣ ಸರಿಮಾಡಿ ತಂದರು. ತಂದವರು ಅದನ್ನು ಕೂರಿಸದೆ ತಲೆಯೆತ್ತಿ ಹಂಚಿನ ಮಾಡು ನೋಡುತ್ತ ನಿಂತರು. ನಮ್ಮದು ಹಂಚಿನ ಮನೆ. ಹಂಚಿನ ಸಂದಿಯಲ್ಲಿ ತಂಪೆಲ್ಲ ಹೊರಗೆ ಹೋಗುತ್ತದೆ, ಕಾಗೆಗಳಿಗೆ ಎಸಿ ಹಾಕಿಸಿದ ಹಾಗಾಗುತ್ತದೆ ಎಂದು ಹೇಳಿ ಹೊರಟುಹೋದರು. ಮರುದಿನ ರಿಕ್ಷಾದ ತುಂಬ ಥರ್ಮಾಕೋಲ್ ಪೆಟ್ಟಿಗೆಗಳನ್ನು ತಂದಿಳಿಸಿದರು, ಮೀನು ಕಳಿಸುವಂಥವು. ಕೇರಳದವರೆಗೆ ಐಸು ಕರಗದ ಹಾಗೆ ಇಡುವ ಪೆಟ್ಟಿಗೆ ನಿಮ್ಮ ಒಂದು ಕೋಣೆಯ ತಂಪು ಇಡಲಿಕ್ಕಿಲ್ಲವಾ ಎಂಬುದು ಅವರ ವಾದ. ಅವನ್ನು ಕತ್ತರಿಸಿ, ಮರದ ಪಟ್ಟಿ ಹೊಡೆದು, ಚಂದದ ಸೀಲಿಂಗ್ ಮಾಡಿ ಎಸಿ ಕೂರಿಸಿದರು. ತಂಪೇನೋ ನಿಂತಿತು. ಆದರೆ ಕೇರಿಯ ಬೆಕ್ಕುಗಳೆಲ್ಲ ನಮ್ಮ ಮಾಡಿನ ಮೇಲೆ ಸಭೆ ಸೇರಿದವು. ಜರಿ ಸೀರೆಯ ರವಿಕೆ ಒಯ್ಯಲು ಬಂದ ಮದುಮಗಳೊಬ್ಬಳು ಅದನ್ನು ಮೂಗಿಗೆ ಹಿಡಿದು, ಬಂಗುಡೆ ಪರಿಮಳ ಬರ್ತಾ ಉಂಟು ಎಂದಳು. ಅವತ್ತು ನಾನು ಶೀನಣ್ಣನಿಗೆ ಬೈದದ್ದು ಫೋನಿಲ್ಲದೆಯೂ ಉಚ್ಚಿಲಕ್ಕೆ ಕೇಳಿರಬೇಕು. ಸಂಜೆಯೇ ಬಂದು ಎಲ್ಲ ಇಳಿಸಿ, ಹುಣಸೆಹುಳಿ ಹಾಕಿ ತಿಕ್ಕಿ, ಮರುದಿನ ಬಿಸಿಲಿಗೆ ಒಣಗಿಸಿ ಮತ್ತೆ ಏರಿಸಿಕೊಟ್ಟರು. "ನಾವು ಮೀನಿನವರು ಅಕ್ಕ, ನಮ್ಮ ಮೂಗಿಗೆ ಅದು ವಾಸನೆ ಅಂತಲೇ ಗೊತ್ತಾಗುವುದಿಲ್ಲ" ಎಂದು ತಲೆ ತುರಿಸಿಕೊಂಡರು. ಬೈದವಳಿಗೇ ಪಾಪ ಅನ್ನಿಸಿತು.

ನಮ್ಮ ಕಡಲ ಉಪ್ಪುಗಾಳಿ ಕಬ್ಬಿಣ ತಿನ್ನುವುದರಲ್ಲಿ ಗೆದ್ದಲಿಗೆ ಸಮ. ಅದಕ್ಕಾಗಿ ಅವರು ಪದೇ ಪದೇ ಬಂದು ಎಸಿಯ ಬೆನ್ನನ್ನು ಬಾವಿನೀರಿನಲ್ಲಿ ತೊಳೆದು ಹೋಗುತ್ತಿದ್ದರು. ಕೆಲಸ ಮುಗಿದ ಮೇಲೆ ಬೇರೆ ಮನೆಗಳಲ್ಲಿ ಮೀಟರ್ ಹಿಡಿದು ತಂಪು ನೋಡುತ್ತಿದ್ದರಂತೆ. ನಮ್ಮಲ್ಲಿ ಮಾತ್ರ ಬಾಗಿಲು ಹಾಕಿ, ಮಫ್ಲರ್ ಬಿಗಿಮಾಡಿ, ಸ್ಟೂಲಿನ ಮೇಲೆ ಕೂತು, "ಇನ್ನು ಸೂಜಿಗೆ ನೂಲು ಹಾಕಿ ನೋಡುವ" ಎನ್ನುವರು. ನಾನು ಹಾಕುವವರೆಗೆ ಏಳುತ್ತಿರಲಿಲ್ಲ. ಕೈ ನಡುಗಿದರೆ ಕಂಡೇ ಇಲ್ಲವೆಂಬಂತೆ ಗೋಡೆ ನೋಡುತ್ತ ಐಸ್ ಪ್ಲಾಂಟಿನ ಸುಳ್ಳುಪಳ್ಳು ಕಥೆ ಹೇಳುತ್ತಿದ್ದರು. ನೂಲು ನುಸುಳಿದ ಮೇಲೆ, ಆಯ್ತಲ್ಲ ಹಾಗಾದರೆ ಎಂದು ಎದ್ದು ಚೀಲ ಕಟ್ಟುವರು. ಅಯ್ಯೋ ಪಾಪ ಎಂಬ ಮುಖ ಮಾಡದೆ ನನ್ನೆದುರು ಕೂತವರು ಅವರೊಬ್ಬರೇ.

ಒಂದು ಬೇಸಿಗೆಯಲ್ಲಿ ಎಸಿ ದಿನಾ ಸಂಜೆ ನೀರು ಸುರಿಸತೊಡಗಿತು. ಬೆಳಿಗ್ಗೆ ಶೀನಣ್ಣ ಬಂದು ಬಿಚ್ಚಿ ನೋಡಿದರೆ ಎಂತದೂ ಇಲ್ಲ. ಕೊನೆಗೊಂದು ದಿನ ಸಂಜೆಯವರೆಗೆ ಕಾದು ಕೂತರು. ಮುಸ್ಸಂಜೆಗೆ ಅಮ್ಮ ದೇವರಿಗೆ ದೀಪ ಹಚ್ಚಿ, ಲಕ್ಷ್ಮಿ ಬರುವ ಹೊತ್ತೆಂದು ಮನೆಯ ಬಾಗಿಲು ಕಿಟಕಿಗಳನ್ನೆಲ್ಲ ತೆರೆಯುತ್ತ ಬಂದು, ನನ್ನ ಕೋಣೆಯ ಇನ್ನೊಂದು ಕಿಟಕಿಯನ್ನೂ ತೆರೆದರು. ಕಡಲಿನ ಹಸಿಗಾಳಿ ನುಗ್ಗಿತು, ಎಸಿ ಬೆವರತೊಡಗಿತು. ನಾನು ಅಮ್ಮನ ಮೇಲೆ ಹರಿಹಾಯುವುದರೊಳಗೆ ಶೀನಣ್ಣ ಕೈ ಮುಗಿದು ಎದ್ದು ನಿಂತಿದ್ದರು. "ಅಮ್ಮಾ, ದೇವರು ದೊಡ್ಡವರು, ಹೆಬ್ಬಾಗಿಲಿನಲ್ಲೇ ಬರ್ತಾರೆ. ಈ ಕಿಟಕಿಯಲ್ಲಿ ಬರುವುದು ಸೊಳ್ಳೆ ಮಾತ್ರ." ನಾನು ಹೇಳಿದ್ದರೆ ವಾರಗಟ್ಟಲೆ ಮುಖ ಊದಿಸಿಕೊಳ್ಳುತ್ತಿದ್ದ ಅಮ್ಮ, ನಗುತ್ತ ತಾವೇ ಕಿಟಕಿ ಹಾಕಿದರು.

ನಿಜ ಹೇಳುತ್ತೇನೆ, ಬೇಸಿಗೆ ಬಂತೆಂದರೆ ನನಗೆ ಹೆದರಿಕೆಯ ಜೊತೆಗೆ ಒಂದು ಖುಷಿಯೂ ಇತ್ತು. ಆ ಹಳೇ ಡಬ್ಬಿ ಕೆಡದೆ ಇರುವುದಿಲ್ಲ, ಶೀನಣ್ಣ ಬಾರದೆ ಇರುವುದಿಲ್ಲ.

ಆಮೇಲೆ ಅವರು ನಮ್ಮ ಮೆಟ್ಟಿಲು ಹತ್ತುವಾಗ ಏದುಸಿರು ಬಿಡತೊಡಗಿದರು. ಆಗಲೇ ಹೊಸ ಎಸಿಯ ಮಾತು ತೆಗೆದರು: ಕರೆಂಟು ಕಡಿಮೆ ತಿನ್ನುತ್ತದೆ, ಸದ್ದಿಲ್ಲ, ಉಪ್ಪುಗಾಳಿಗೂ ಜಗ್ಗುವುದಿಲ್ಲ. ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಒಂದು ಫೆಬ್ರವರಿಯಲ್ಲಿ ಸ್ಟೂಲಿನ ಮೇಲೆ ಕೂತು ಅವರು ಮತ್ತೆ ಅದನ್ನೇ ಎತ್ತಿದಾಗ ನನಗೆ ರೇಗಿತು. ಹಳೆಯದಕ್ಕೆ ಎಂತ ಆಗಿದೆ ಅಂತ ಹೇಳಿ ಎಂದೆ.

"ಅದಕ್ಕೆ ಎಂತ ಆಗಲಿಲ್ಲ ಅಕ್ಕ. ನನಗೆ ಆಗಿದೆ. ಮಣಿಪಾಲದಲ್ಲಿ ತೋರಿಸಿದೆ, ಜಾಸ್ತಿ ದಿನ ಇಲ್ಲವಂತೆ." ಎಸಿಯ ಕಡೆ ಕೈ ತೋರಿಸಿ ಹೇಳಿದರು, "ಈ ಹಳೆಯದು ನನ್ನ ಕೈಗೆ ಮಾತ್ರ ಬಗ್ಗುವುದು. ನಾಳೆ ಇದು ನಿಂತರೆ ನಿಮ್ಮ ಕೈಯೂ ನಿಲ್ತದೆ. ಹೊಸದಾದರೆ ಫೋನ್ ಮಾಡಿದರೆ ಯಾರಾದರೂ ಬರ್ತಾರೆ."

ಹಾಗಾದರೆ ಹೊಸದೇ ಹಾಕಿಸಿ ಎಂದೆ. ಆ ವಾರವೇ ಹೊಸದು ಬಂತು. ಬೇರೊಬ್ಬರ ಕೈಯಲ್ಲಿ ಅದನ್ನು ಗೋಡೆಗೆ ಹಾಕಿಸುತ್ತ ಶೀನಣ್ಣ, ಅಲ್ಲಿ ಸಂದಿ ಉಂಟು, ಇಲ್ಲಿ ಪೈಪು ಬಗ್ಗಿದೆ ಎಂದು ಕೂತಲ್ಲಿಂದಲೇ ಕಾಟ ಕೊಟ್ಟರು. ಹೊರಡುವಾಗ ಗೇಟಿನವರೆಗೆ ಹೋಗಿ, ಬರುವ ವರ್ಷ ಬರ್ತೀರಲ್ವಾ ಎಂದು ಕೇಳಿದೆ. ಏನು ಕೇಳುತ್ತಿದ್ದೇನೆಂದು ಗೊತ್ತಿದ್ದೇ ಕೇಳಿದೆ.

"ನಾನು ಬರುವ ಅಗತ್ಯ ಬೀಳಬಾರದು ಅಂತಲೇ ಅಲ್ವಾ ಇದನ್ನು ಹಾಕಿದ್ದು" ಎಂದರು.

ಆ ಮಳೆಗಾಲದಲ್ಲಿ ಶೀನಣ್ಣ ತೀರಿಕೊಂಡರು. ಮೀನು ಮಾರುವ ಹೆಂಗಸು ಬಂದು ಹೇಳಿದಾಗಲೇ ನನಗೆ ಗೊತ್ತಾದದ್ದು.

ಈ ಸಲದ ಮದುವೆ ಸೀಸನ್ನಿನಲ್ಲೂ ನನ್ನ ಕೈ ಒಂದು ದಿನವೂ ನಿಲ್ಲಲಿಲ್ಲ. ಅಣ್ಣ ಈಗ ಕುಕ್ಕುಂದೂರಿನ ಮಾತೆತ್ತುವುದಿಲ್ಲ. ಹೊರಗೆ ಬಿಸಿಲು ಸುರಿಯುತ್ತಿರುತ್ತದೆ, ಒಳಗೆ ಹೊಸ ಎಸಿ ಸದ್ದೇ ಇಲ್ಲದೆ ಓಡುತ್ತಿರುತ್ತದೆ. ನನ್ನ ಅನ್ನ ಇರುವುದೇ ಅದರಲ್ಲಿ, ಗೊತ್ತುಂಟು. ಆದರೂ ಹೊಲಿಯುತ್ತ ಕೂತವಳಿಗೆ, ಇದೊಂದು ಸಲ ಕೆಟ್ಟುಹೋಗಬಾರದೇ ಅನ್ನಿಸುತ್ತದೆ. ಕೆಡುವುದಿಲ್ಲ.