ರೆಕ್ಕೆಯ ಸಂದಿಗೆ ಲಂಗದ ಬಟ್ಟೆ

ನನ್ನ ಅಣ್ಣ ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವನು. ನಿವೃತ್ತನಾಗಿ ಬಂದ ಮೇಲೆ ಶಹಾಪುರದ ರಸ್ತೆಯಲ್ಲಿ ಖಾಲಿ ಬಿದ್ದಿದ್ದ ಹತ್ತಿ ಗೋದಾಮು ಹಿಡಿದು, ಒಬ್ಬರೇ ಕೂರುವಂಥ ಪುಟ್ಟ ವಿಮಾನ ಕಟ್ಟತೊಡಗಿದ. ನಾನು ಸುರಪುರದ ಕಚೇರಿಯೊಂದರಲ್ಲಿ ಗುಮಾಸ್ತೆ. ಭಾನುವಾರ ಅವನಿಗೆ ಬುತ್ತಿ ಒಯ್ದು, ಸಂಜೆಯವರೆಗೆ ಕೈಗೆ ಸಿಕ್ಕ ಕೆಲಸ ಮಾಡಿಕೊಡುತ್ತಿದ್ದೆ.

ರೆಕ್ಕೆಯ ಹಿಂಬದಿಗೆ ಮೇಲೆ ಕೆಳಗೆ ಆಡುವ ಹಲಗೆಯೊಂದಿರುತ್ತದೆ. ವಿಮಾನವನ್ನು ಎಡಕ್ಕೆ ಬಲಕ್ಕೆ ವಾಲಿಸುವುದು ಅದೇ. ರೆಕ್ಕೆಗೂ ಅದಕ್ಕೂ ನಡುವಿನ ಸಂದಿಯಲ್ಲಿ ಗಾಳಿ ಸೋರಿದರೆ ಹಲಗೆಯ ಹಿಡಿತ ತಗ್ಗುತ್ತದೆ. ಅದನ್ನು ಮುಚ್ಚಲು ಅಣ್ಣ ಏನೇನೋ ಅಂಟಿಸಿ ನೋಡಿದ. ಸೈಕಲ್ ಟ್ಯೂಬಿನ ರಬ್ಬರು ಹಲಗೆಯನ್ನೇ ಎಳೆದು ಹಿಡಿಯಿತು. ಕಾಟನ್ ಪಟ್ಟಿ ನೀರು ಬಿದ್ದೊಡನೆ ಕುಗ್ಗಿತು. ಕೊನೆಗೆ ನಾನೇ, ಸೀರೆಯೊಳಗೆ ಉಡುವ ನನ್ನ ಹಳೆಯ ಪಾಲಿಯೆಸ್ಟರ್ ಲಂಗವೊಂದನ್ನು ತಂದುಕೊಟ್ಟೆ. ಗುಲಾಬಿ ಬಣ್ಣದ್ದು. ಅಣ್ಣ ಅದನ್ನು ಪಟ್ಟಿಯಾಗಿ ಕತ್ತರಿಸಿ, ನಡುವೆ ಸ್ವಲ್ಪ ಸಡಿಲ ಬಿಟ್ಟು ಅಂಟಿಸಿದ. ಹಲಗೆ ಸಲೀಸಾಗಿ ಆಡಿತು.

ಒಂದು ಭಾನುವಾರ ನಮ್ಮ ಸಾಹೇಬರು ಕಚೇರಿಯ ಮಂದಿಯನ್ನು ಕರೆದುಕೊಂಡು ವಿಮಾನ ನೋಡಲು ಬಂದರು. ರೆಕ್ಕೆಯ ಸಂದಿಯ ಗುಲಾಬಿ ಬಟ್ಟೆ ಸವರುತ್ತ ಕೇಳಿದರು: "ಇದು ಯಾವ ಅರಬೀರಿ? ಭಾಳ ನುಣುಪದ."

"ನಮ್ಮ ತಂಗಿ ಲಂಗಾರಿ," ಎಂದ ಅಣ್ಣ. "ಇದಕ್ಕಿಂತ ಛಲೋದು ಸಿಗಲಿಲ್ಲ."

ಸಾಹೇಬರು ಬೆಂಕಿ ಮುಟ್ಟಿದವರಂತೆ ಕೈ ತೆಗೆದರು. ಹಿಂದೆ ಯಾರೋ ನಕ್ಕರು. ನಾನು ಬುತ್ತಿಯ ಡಬ್ಬಿ ತೊಳೆಯುವ ನೆಪದಲ್ಲಿ ಹೊರಗೆ ಹೋಗಿ, ಅವರ ಜೀಪು ಹೊರಡುವ ತನಕ ನಲ್ಲಿಯ ಬಳಿಯೇ ಕೂತೆ.

ಮರುದಿನ ಕಚೇರಿಯಲ್ಲಿ ನಾನು ಎದ್ದು ನಡೆದರೆ ಸಾಕು, ಪಕ್ಕದ ಮೇಜಿನವನು "ವಿಮಾನ ಹೊಂಟಿತು ನೋಡ್ರಿ" ಎನ್ನುತ್ತಿದ್ದ. ಸೀರೆಯ ಸೆರಗನ್ನು ಮೈತುಂಬ ಎಳೆದುಕೊಂಡು ಓಡಾಡಿದೆ. ಸಂಜೆ ನೇರ ಗೋದಾಮಿಗೆ ಹೋದೆ.

"ನಾಕು ಮಂದಿ ಮುಂದ ನನ್ನ ಮಾನ ಕಳದಿ, ಅಣ್ಣಾ. ಮೊದಲ ಅದನ್ನ ಕಿತ್ತು ಒಗಿ."

ಅವನು ನನ್ನ ಮುಖ ನೋಡಿದ. ನನ್ನ ಸಿಟ್ಟಿನ ಕಾರಣ ಅವನಿಗೆ ಹೊಳೆಯಲು ತುಸು ಹೊತ್ತು ಬೇಕಾಯಿತು.

"ನಾ ಅದನ್ನ ಬರೇ ಅರಬಿ ಅಂತ ತಿಳಕೊಂಡಿದ್ದೆ, ತಂಗಿ. ತಪ್ಪಾತು."

ಹಾಗೆಂದು, ಅಷ್ಟು ಜತನದಿಂದ ಅಂಟಿಸಿದ್ದ ಪಟ್ಟಿಯನ್ನು ತುದಿಯಿಂದ ಕೀಳತೊಡಗಿದ. ರೆಕ್ಕೆಯ ಬಣ್ಣವೂ ಅದರೊಂದಿಗೆ ಎದ್ದು ಬಂತು. ತಡೆಯಬೇಕೆನಿಸಿತು. ಕಚೇರಿಯಲ್ಲಿ ಆದದ್ದಕ್ಕಿಂತ ಹೆಚ್ಚು ನಾಚಿಕೆ ನನಗೆ ಅಲ್ಲಿ ಆಯಿತು.

ಆಮೇಲೆ ಅವನು ಪ್ಲಾಸ್ಟಿಕ್ ಟೇಪು ಅಂಟಿಸಿದ. ನಮ್ಮ ಬಿಸಿಲಿಗೆ ಅದರ ಅಂಟು ಕರಗಿ, ಧೂಳು ಮೆತ್ತಿ, ಹಲಗೆ ಅರ್ಧಕ್ಕೇ ನಿಂತಿತು. ಅಣ್ಣ ನನಗೆ ಹೇಳಲಿಲ್ಲ. ಬುತ್ತಿ ಒಯ್ದಾಗ ನಾನೇ ಕಂಡೆ.

ಸುರಪುರದ ಬಜಾರಿನಲ್ಲಿ ಅದೇ ಬಟ್ಟೆ ಕೇಳಿದೆ. "ಏನ್ ಹೊಲಸ್ತೀರಿ?" ಎಂದ ಅಂಗಡಿಯವನು. ವಿಮಾನಕ್ಕೆ ಎನ್ನಲು ನಾಲಿಗೆ ಏಳಲಿಲ್ಲ. "ಲಂಗಾ" ಎಂದೆ. ಅವನು ತಲೆಯೆತ್ತದೆ ಅಳೆದುಕೊಟ್ಟ.

ಮುಂದಿನ ಭಾನುವಾರ ಅಣ್ಣ ಅಂಟು ಸವರಿದ, ನಾನು ಬಟ್ಟೆ ಹಿಡಿದೆ. ಹಾರಲು ಅನುಮತಿ ಇನ್ನೂ ಸಿಕ್ಕಿಲ್ಲ. ಎಂಜಿನ್ ಹಚ್ಚಿ ನೆಲದ ಮೇಲೆ ಓಡಿಸುತ್ತಾನೆ, ಅಷ್ಟೇ. ಪಟ್ಟಿ ಎಲ್ಲೂ ಬಿಟ್ಟಿಲ್ಲ. ನೋಡಲು ಬಂದವರು ಯಾವ ಬಟ್ಟೆ ಎಂದರೆ ಅಣ್ಣ ಈಗ ನನ್ನ ಕಡೆ ತಿರುಗಿ, ಹೇಳಲೋ ಬೇಡವೋ ಎಂಬಂತೆ ಕಾಯುತ್ತಾನೆ. ನಾನು ನೆಲ ನೋಡುತ್ತೇನೆ.